ತಬಲಾ ಅಟ್ಟದಿಂದ ಇಳಿಸು ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ "ತಬಲಾ ಕಟ್ಟಿ ಅಟ್ಟದ ಮೇಲಿಟ್ಟೆ" ಅಂದೆಯಲ್ಲ, ಆಗಿನಿಂದ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸಿಲ್ಲ. ಕಛೇರಿಯಲ್ಲಿ ಸಾಥ್‌ಗೆ, ಅಂದರೆ ಜೊತೆಗೆ ನುಡಿಸಲು ಬಾ ಅಂತ ಕರೆದವರು ಹಿಂದಿನ ದಿನ ಬೇರೆಯವರನ್ನು ಗೊತ್ತು ಮಾಡಿಕೊಂಡು, ನಿನಗೊಂದು ಮಾತೂ ಹೇಳಲಿಲ್ಲ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದು ತಪ್ಪಲ್ಲ. ಆದರೆ ನಾನು ನಿನಗೆ ಇಲ್ಲಿಯವರೆಗೆ ಹೇಳದ ಒಂದು ವಿಷಯ ಇದೆ.

ಹೋದ ವರ್ಷ ಆಡಿಷನ್‌ನಲ್ಲಿ ನನ್ನನ್ನು ತೆಗೆದುಕೊಳ್ಳಲಿಲ್ಲ, ಅಷ್ಟು ನಿನಗೆ ಗೊತ್ತು. ಅಲ್ಲಿ ನಾನು ಹಾಡಿದ್ದು ಮಾರ್ವಾ. ಕೇಳಿದವರು ಬೆರಗಾಗಲಿ ಅಂತಲೇ ಆ ರಾಗ ಆರಿಸಿದ್ದೆ. ಆಮೇಲೆ ಒಂದೇ ಸಾಲಿನ ಉತ್ತರ ಬಂತು, ಆಯ್ಕೆಯಾಗಿಲ್ಲ ಅಂತ. ಏಕೆ ಅಂತ ಇಲ್ಲ. ಎರಡು ವಾರ ಎಲ್ಲರನ್ನೂ ಬೈದೆ. ಆಮೇಲೆ ಇವರಿಗೆ ತೋರಿಸೇ ಬಿಡುತ್ತೇನೆ ಅಂತ ಹಠ ಹಿಡಿದು ದಿನಕ್ಕೆ ನಾಲ್ಕು ಗಂಟೆ ಕೂತೆ, ಬರೀ ತಾನ, ಅಂದರೆ ವೇಗದ ಸ್ವರಗಳ ಓಟ, ಅದೂ ಎದುರಿಗೆ ಯಾರೋ ಕೂತು ಸೋಲುತ್ತಿದ್ದಾರೆ ಅನ್ನುವ ಹಾಗೆ ಹಾಡುತ್ತಿದ್ದೆ. ಒಂಬತ್ತನೇ ದಿನ ಗಂಟಲು ಕಟ್ಟಿತು. ಹಠವೂ ಅಲ್ಲಿಗೇ ಮುಗಿಯಿತು.

ಮಾತಾಡದೆ ಕೂತ ಆ ದಿನಗಳಲ್ಲಿ ಸುಮ್ನೆ ಫೋನ್ ತಡಕಾಡುವಾಗ ಆಡಿಷನ್‌ಗೆ ಮುಂಚೆ ಮನೆಯಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಸಿಕ್ಕಿತು. ಮಾರ್ವಾದಲ್ಲಿ ಪಂಚಮ (ಪ) ಇಲ್ಲ, ಆಧಾರ ಸ್ವರವಾದ ಷಡ್ಜದ (ಸ) ಮೇಲೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಕೋಮಲ ರಿಷಭ (ರಿ) ಮತ್ತು ಶುದ್ಧ ಧೈವತ (ಧ) ಹಿಡಿದುಕೊಂಡೇ ಓಡಾಡಬೇಕು, ಅಲ್ವಾ? ಹಾಗಾಗಿ ಷಡ್ಜ ಹಾಡದೇ ಇರುವಾಗಲೂ ಮನಸ್ಸಿನಲ್ಲಿ ಅದು ಗಟ್ಟಿಯಾಗಿ ಕೂತಿರಬೇಕು. ನನಗೆ ಕೂತಿರಲಿಲ್ಲ. ಪ್ರತಿ ಸಲ ಷಡ್ಜಕ್ಕೆ ಬಂದಾಗಲೂ ತಂಬೂರಿಗಿಂತ ಕೂದಲೆಳೆಯಷ್ಟು ಕೆಳಗೆ. ಒಂದು ಸಲ ಅಲ್ಲ, ಹದಿಮೂರು ಸಲ. ಎಣಿಸಿದೆ. ಅವರು ಬರೆಯದೇ ಬಿಟ್ಟ ಕಾರಣ ಅದೇ ಇರಬೇಕು ಅಂತ ನನಗೆ ಅನ್ನಿಸಿತು. ಅವರ ಮನಸ್ಸಿನಲ್ಲಿ ಬೇರೆ ಏನೇ ಇದ್ದರೂ ಈ ತಪ್ಪಂತೂ ನನ್ನದೇ.

ಮರುದಿನದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಮಂದ್ರ ಸಪ್ತಕದಲ್ಲಿ ಖರ್ಜ್, ಅಂದರೆ ಕೆಳಗಿನ ಸ್ವರಗಳನ್ನು ಎಳೆದು ಹಿಡಿಯುವ ಅಭ್ಯಾಸ, ನಲವತ್ತು ನಿಮಿಷ, ತಾನ ಇಲ್ಲ, ಬಂದಿಶ್ (ಹಾಡಿನ ರಚನೆ) ಇಲ್ಲ. ಮೊದಲ ತಿಂಗಳು ಬೇಜಾರಾಗಿ ಅಳು ಬರುತ್ತಿತ್ತು. ಮೂರನೇ ತಿಂಗಳಿನಲ್ಲಿ ಒಂದು ದಿನ ಷಡ್ಜ ತಂಬೂರಿಯೊಳಗೆ ಎಷ್ಟು ಸೇರಿತು ಅಂದರೆ, ನನ್ನ ಧ್ವನಿ ಯಾವುದು ತಂತಿ ಯಾವುದು ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಆ ಸಂತೋಷ ನಿನಗಲ್ಲದೆ ಯಾರಿಗೆ ಹೇಳಲಿ?

ಆಮೇಲೆ ಒಂದು ಭಾನುವಾರ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬಂದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಗುರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹೋಗುತ್ತಿದ್ದ ದಾರಿ ಅದು. ಗಂಗೂಬಾಯಿ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹಾಡುವ ಹೆಣ್ಣು ಅಂತ ಬೀದಿಯಲ್ಲಿ ಜನ ಹಂಗಿಸುತ್ತಿದ್ದರು, ಜಾತಿಯ ಅವಮಾನ ಬೇರೆ. ಗಂಟಲಿನ ಚಿಕಿತ್ಸೆಯ ನಂತರ ತೆಳ್ಳಗಿದ್ದ ಧ್ವನಿಯೇ ಬದಲಾಗಿ ಗಂಡಸಿನ ಧ್ವನಿಯ ಹಾಗೆ ದಪ್ಪವಾಯಿತು. ನಾವಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆವೇನೋ. ಅವರು ಆ ಧ್ವನಿಯಲ್ಲೇ ಹಾಡಿದರು, 2002ರಲ್ಲಿ ಪದ್ಮವಿಭೂಷಣವೂ ಬಂತು. ಆದರೆ ರೈಲಿನ ಕಿಟಕಿ ಪಕ್ಕ ಕೂತಾಗ ನನಗೆ ನೆನಪಾದದ್ದು ಪ್ರಶಸ್ತಿ ಅಲ್ಲ. ಮನೆ, ಮಕ್ಕಳು, ಊರಿನವರ ಮಾತು ಎಲ್ಲ ಇದ್ದೂ ಮತ್ತೆ ಮತ್ತೆ ಆ ರೈಲು ಹತ್ತಿದರಲ್ಲ, ಅದು.

ಹಾಗಾಗಿ ನಿನ್ನನ್ನು ಕೇಳುವುದು ಇಷ್ಟೇ. ಅವರನ್ನು ಇನ್ನೊಂದು ವಾರ ಬೈದುಕೋ, ನಾನೂ ಜೊತೆಗೆ ಬೈಯುತ್ತೇನೆ. ಆಮೇಲೆ ನಿನ್ನ ಹಳೇ ರೆಕಾರ್ಡಿಂಗ್ ಒಂದನ್ನು ಒಬ್ಬನೇ ಕೂತು ಕೇಳು. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ನಿನಗೆ ತಾಳ್ಮೆ ಸಾಲದೆ ಠೇಕಾ (ತಾಳದ ಮೂಲ ಬಡಿತ) ಗೊತ್ತಾಗದ ಹಾಗೆ ವೇಗ ಹಿಡಿಯುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿತ್ತು, ನಿನಗೆ ನೋವಾಗುತ್ತದೆ ಅಂತ ಹೇಳಿರಲಿಲ್ಲ. ಹೇಳಬೇಕಿತ್ತು. ಕ್ಷಮಿಸು.

ಮುಂದಿನ ತಿಂಗಳು ನಾನು ಮತ್ತೆ ಆಡಿಷನ್‌ಗೆ ಹೋಗುತ್ತಿದ್ದೇನೆ. ಈ ಸಲ ಯಮನ್ ರಾಗ. ಭಾನುವಾರ ಬೆಳಿಗ್ಗೆ ಮನೆಗೆ ಬಾ. ತಬಲಾ ನನ್ನ ಶ್ರುತಿಗೆ, ಹಾರ್ಮೋನಿಯಂನ ಕಪ್ಪು ಒಂದಕ್ಕೆ ಕೂಡಿಸಿಕೊಂಡು ಬಾ, ವಿಲಂಬಿತ ಏಕತಾಳ, ಒಂದು ಗಂಟೆ ಬೇರೇನೂ ಬೇಡ. ಅಮ್ಮ ಅವಲಕ್ಕಿ ಮಾಡುತ್ತೇನೆ ಅಂದಿದ್ದಾರೆ.

ನಿನ್ನ ಗೆಳೆಯ