ಭೈರಪ್ಪ, ಬಾನು ಮುಷ್ತಾಕ್: ಇಬ್ಬರನ್ನೂ ಓದಿದ ವರ್ಷ

ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ವರ್ಷದ ಪುಸ್ತಕಗಳ ಪಟ್ಟಿ ಬರುತ್ತದೆ. ವಿಮರ್ಶಕರು, ಲೇಖಕರು ತಮಗೆ ಇಷ್ಟವಾದ ನಾಲ್ಕೈದು ಹೆಸರು ಹೇಳುತ್ತಾರೆ, ಹೆಚ್ಚಿನವು ಆ ವರ್ಷವೇ ಅಚ್ಚಾದವು. ಅದು ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಅದನ್ನು ನೋಡಿಯೇ ಎಷ್ಟೋ ಪುಸ್ತಕ ಕೊಂಡಿದ್ದೇನೆ. ಆದರೆ ಮನೆ, ಕೆಲಸ ಎಲ್ಲ ಮುಗಿಸಿ ಓದುವ ನಮ್ಮಂಥವರ ವರ್ಷ ಹಾಗಿರುವುದಿಲ್ಲ. ಐವತ್ತು ವರ್ಷದ ಹಳೆಯ ಕಾದಂಬರಿ ಈ ವರ್ಷ ಕೈಗೆ ಸಿಕ್ಕರೆ ಅದೇ ನಮಗೆ ಹೊಸದು. ಅದಕ್ಕೇ ನನ್ನ 2025ರ ಓದಿನ ಬಗ್ಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೂ ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹಾಸನ ಜಿಲ್ಲೆಯವಳು. ನಮ್ಮ ಜಿಲ್ಲೆಗೆ ಇದು ಮರೆಯಲಾಗದ ವರ್ಷ. ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ. ಕನ್ನಡಕ್ಕೆ ಇದೇ ಮೊದಲು, ಸಣ್ಣ ಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದೂ ಇದೇ ಮೊದಲು. ಸೆಪ್ಟೆಂಬರ್ 22ಕ್ಕೆ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅವರು ಉದ್ಘಾಟಿಸಬಾರದು ಅಂತ ಅದಕ್ಕೆ ಮುಂಚೆ ನಡೆದ ಗಲಾಟೆ, ಕೋರ್ಟಿಗೆ ಹೋದದ್ದು ಎಲ್ಲ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಅದಾಗಿ ಎರಡು ದಿನಕ್ಕೆ, ಸೆಪ್ಟೆಂಬರ್ 24ಕ್ಕೆ, ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪ ತೀರಿಕೊಂಡರು.

ಆ ವಾರ ನನ್ನ ಫೋನಿಗೆ ಬಂದ ಮೆಸೇಜುಗಳನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಬಾನು ಅವರನ್ನು ಹೊಗಳುವವರು ಭೈರಪ್ಪನವರನ್ನು ಬೈಯುತ್ತಿದ್ದರು. ಭೈರಪ್ಪನವರಿಗೆ ಶ್ರದ್ಧಾಂಜಲಿ ಹೇಳುವವರು ಬಾನು ಅವರನ್ನು ಹೀಯಾಳಿಸುತ್ತಿದ್ದರು. ಯಾವ ಗುಂಪಿನಲ್ಲೂ ಒಂದು ಕತೆಯ ಹೆಸರಿಲ್ಲ, ಒಂದು ಪಾತ್ರದ ಹೆಸರಿಲ್ಲ. ಇಬ್ಬರಲ್ಲಿ ಒಬ್ಬರು ನಮ್ಮವರು, ಇನ್ನೊಬ್ಬರು ಅಲ್ಲ, ಅಷ್ಟೇ ಮಾತು. ನನಗೆ ಗೊತ್ತಿರುವ ಇಬ್ಬರು ಮೂವರನ್ನು ನೇರವಾಗಿ ಕೇಳಿದೆ, ಯಾವ ಕತೆ ಓದಿದ್ದೀರಿ ಅಂತ. ಒಬ್ಬರು ಮಾತ್ರ, ಓದಿಲ್ಲ, ಓದಬೇಕು ಅಂದರು. ಉಳಿದವರು ಉತ್ತರ ಕೊಡಲಿಲ್ಲ.

ನಾನು ಇಬ್ಬರನ್ನೂ ಓದಿದೆ. 'ಗೃಹಭಂಗ'ವನ್ನು ಹಿಂದೆ ಯಾವಾಗಲೋ ಓದಿದ್ದೆ, ಅದು ಟಿವಿಯಲ್ಲಿ ಧಾರಾವಾಹಿಯಾಗಿ ಬಂದಾಗ ಮನೆಯವರೆಲ್ಲ ಕೂತು ನೋಡಿದ್ದೆವು. ಈಗ ಮತ್ತೆ ಮೊದಲಿನಿಂದ ಓದಿದೆ. ಜೊತೆಗೇ ಬಾನು ಅವರ ಕತೆಗಳು. ರಾತ್ರಿ ಕಾದಂಬರಿಯ ಒಂದು ಅಧ್ಯಾಯ, ಮಧ್ಯಾಹ್ನ ಬಿಡುವಾದಾಗ ಒಂದು ಕತೆ. ಹೀಗೆ ಒಟ್ಟಿಗೆ ಓದಿದ್ದರಿಂದಲೇ ನನಗೊಂದು ವಿಷಯ ಸ್ಪಷ್ಟವಾಗಿ ಕಂಡಿತು. ಈ ಇಬ್ಬರ ಅತ್ಯುತ್ತಮ ಬರವಣಿಗೆ ಒಂದೇ ಹೆಣ್ಣಿನ ಬಗ್ಗೆ ಇದೆ. ಜಾತಿ ಬೇರೆ, ಧರ್ಮ ಬೇರೆ, ಕಾಲ ಬೇರೆ. ಆದರೆ ಗಂಡ ಕೈಬಿಟ್ಟ ಮನೆಯಲ್ಲಿ ಮಕ್ಕಳ ಹೊಟ್ಟೆಗೆ ದಾರಿ ಹುಡುಕುವ ಹೆಣ್ಣು ಇಬ್ಬರಲ್ಲೂ ಅವಳೇ.

'ಗೃಹಭಂಗ' 1970ರಲ್ಲಿ ಬಂದದ್ದು. ಸ್ವಾತಂತ್ರ್ಯಕ್ಕೆ ಮುಂಚಿನ ನಮ್ಮ ಕಡೆಯ ಹಳ್ಳಿಯ ಕತೆ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ನಂಜಮ್ಮ. ಅವನಿಗೆ ಊಟ ಒಂದೇ ಚಿಂತೆ. ಅತ್ತೆ ಗಂಗಮ್ಮನ ಬಾಯಿಯಂತೂ ಹೇಳುವುದೇ ಬೇಡ. ಜಮೀನು ಕೈಬಿಟ್ಟು ಹೋದ ಮೇಲೆ ನಂಜಮ್ಮ ಮುತ್ತುಗದ ಎಲೆ ತಂದು ಊಟದ ಎಲೆ ಹಚ್ಚಿ ಮಾರುತ್ತಾಳೆ. ಈ ಎಲೆ ಹಚ್ಚುವ ಭಾಗಗಳನ್ನು ನಾನು ಈ ಸಲ ನಿಧಾನವಾಗಿ ಓದಿದೆ. ನಮ್ಮ ಅಜ್ಜಿಯ ಮನೆಯಲ್ಲೂ ಎಲೆ ಹಚ್ಚುತ್ತಿದ್ದರು. ಎಲೆ ಒಣಗಿ ಗರಿಗರಿಯಾದರೆ ಹರಿಯುತ್ತದೆ, ನೀರು ಚಿಮುಕಿಸಿ ಹದ ಮಾಡಿಕೊಳ್ಳಬೇಕು, ಸಣ್ಣ ಕಡ್ಡಿ ಚುಚ್ಚಿ ಒಂದಕ್ಕೊಂದು ಸೇರಿಸುತ್ತಾ ಹೋಗಬೇಕು, ಬೆರಳ ತುದಿ ಒರಟಾಗಿಬಿಡುತ್ತದೆ. ಇಷ್ಟು ಕಷ್ಟಕ್ಕೆ ಬರುವುದು ಕಾಸು ಮಾತ್ರ. ಆ ಕಾಸಿನಲ್ಲಿ ಮಕ್ಕಳ ಹೊಟ್ಟೆ ತುಂಬಬೇಕು. ಇದನ್ನು ಬರೆಯುವಾಗ ಭೈರಪ್ಪನವರು ಎಲ್ಲೂ ಅತ್ತು ಕರೆಯುವುದಿಲ್ಲ, ಓದುಗರನ್ನು ಅಳಿಸಲೂ ಹೋಗುವುದಿಲ್ಲ. ಏನು ನಡೆಯಿತೋ ಅದನ್ನು ಹೇಳುತ್ತಾರೆ, ಮುಂದೆ ಹೋಗುತ್ತಾರೆ. ಪ್ಲೇಗ್ ಬಂದು ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಒಬ್ಬರ ಹಿಂದೆ ಒಬ್ಬರು ಹೋಗುವ ಪುಟಗಳನ್ನೂ ಹಾಗೇ ಬರೆದಿದ್ದಾರೆ. ಭೈರಪ್ಪನವರ ಸ್ವಂತ ತಾಯಿ, ಒಡಹುಟ್ಟಿದವರು ಪ್ಲೇಗಿಗೇ ಬಲಿಯಾದದ್ದು ಗೊತ್ತಿರುವವರಿಗೆ ಆ ಪುಟಗಳು ಇನ್ನೂ ಕಷ್ಟ. ನಾನು ಎರಡು ದಿನ ಪುಸ್ತಕ ಮುಚ್ಚಿಟ್ಟು ಆಮೇಲೆ ಮುಂದುವರಿಸಿದೆ.

ಇನ್ನೊಂದು ಮಾತು ಹೇಳಲೇಬೇಕು. ಆ ಕಾದಂಬರಿಯಲ್ಲಿ ನಂಜಮ್ಮನಿಗೆ ಸ್ವಂತ ಜಾತಿಯವರು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಊರಿನ ಪುರೋಹಿತರು ಬಹಿಷ್ಕಾರ, ಪ್ರಾಯಶ್ಚಿತ್ತ ಅಂತ ಅವಳನ್ನು ಹಿಂಡುತ್ತಾರೆ. ಅವಳ ಕಷ್ಟಕ್ಕೆ ಆಗುವವರು ಗುಡಿಯಲ್ಲಿ ಇದ್ದುಕೊಂಡು ಭಿಕ್ಷೆ ಎತ್ತಿ ಬದುಕುವ ಮಹಾದೇವಯ್ಯನವರು. ಕೊನೆಗೆ ಉಳಿದ ಮಗು ವಿಶ್ವನನ್ನು ಕರೆದುಕೊಂಡು ಹೋಗುವವರೂ ಅವರೇ. ಭೈರಪ್ಪನವರು ಸಂಪ್ರದಾಯದ ಪರ ಅಂತ ಒಂದೇ ಮಾತಿನಲ್ಲಿ ಮುಗಿಸುವವರೂ, ಅದೇ ಕಾರಣಕ್ಕೆ ಅವರನ್ನು ಮೆಚ್ಚುವವರೂ ಈ ಭಾಗವನ್ನು ಒಮ್ಮೆ ಓದಬೇಕು.

ಈಗ ಬಾನು ಅವರ 'ಎದೆಯ ಹಣತೆ' ಕತೆಗೆ ಬನ್ನಿ. ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಮೆಹರುನ್ ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನ ಗಂಡಸರಿಗೆ ಅವಳ ನೋವು ಮುಖ್ಯವಲ್ಲ, ಮನೆತನದ ಮರ್ಯಾದೆ ಮುಖ್ಯ. ಅಣ್ಣಂದಿರೇ ಅವಳನ್ನು ಗಂಡನ ಮನೆಗೆ ವಾಪಸ್ ತಂದುಬಿಡುತ್ತಾರೆ. ಅವತ್ತು ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ದೊಡ್ಡ ಮಗಳು ಸಲ್ಮಾ. ತಾಯಿಯ ಸ್ಥಿತಿ ಮನೆಯಲ್ಲಿ ಬೇರೆ ಯಾರಿಗೂ ಅರ್ಥವಾಗದೆ ಹೋದರೂ ಆ ಹುಡುಗಿಗೆ ಅರ್ಥವಾಗಿದೆ. ಈ ಕತೆಯನ್ನು ನಮ್ಮ ಪಕ್ಕದ ಮನೆಯವರಿಗೆ ಓದಲು ಕೊಟ್ಟೆ, ಅವರು ವಾಪಸ್ ಕೊಡುವಾಗ, ಇದು ಅವರಲ್ಲಿ ಮಾತ್ರ ನಡೆಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ ಅಂದರು. ಅಷ್ಟು ಸಾಕಲ್ವಾ?

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಕತೆ. ಅನುಕೂಲಸ್ಥೆ ಶಾಜಿಯಾ ಹಜ್‌ಗೆ ಹೊರಟಾಗ ಬಡ ಯಾಸೀನ್ ಬುವಾ ಕೂಡಿಟ್ಟ ದುಡ್ಡು ತಂದುಕೊಡುತ್ತಾಳೆ, ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್, ಅಂದರೆ ಸತ್ತ ಮೇಲೆ ಹೊದಿಸುವ ಬಟ್ಟೆ, ನನಗಾಗಿ ತನ್ನಿ ಅಂತ. ಶಾಜಿಯಾಳಿಗೆ ಅಲ್ಲಿ ಬೇರೆಲ್ಲ ಸಾಮಾನು ಕೊಳ್ಳುವ ಗಡಿಬಿಡಿ, ಆ ಬಟ್ಟೆ ನೆನಪೇ ಆಗುವುದಿಲ್ಲ. ಆಮೇಲೆ ಬುವಾ ಸಾಯುತ್ತಾಳೆ. ಇಲ್ಲಿ ದುಷ್ಟರು ಯಾರೂ ಇಲ್ಲ. ದುಡ್ಡಿದ್ದವರು ಇಲ್ಲದವರ ಮಾತನ್ನು ಎಷ್ಟು ಸುಲಭವಾಗಿ ಮರೆಯುತ್ತಾರೆ ಅನ್ನುವುದಷ್ಟೇ ಇದೆ. ಮನೆಗೆಲಸಕ್ಕೆ ಬರುವವರು ನಮ್ಮಲ್ಲಿ ಏನಾದರೂ ಕೇಳಿದಾಗ, ಆಯ್ತು ನೋಡೋಣ ಅಂತ ಹೇಳಿ ಮರೆಯುವುದು ಎಲ್ಲ ಮನೆಗಳಲ್ಲೂ ಇದೆ. ಈ ಕತೆ ಓದಿದ ಮೇಲೆ ಹಾಗೆ ಹೇಳುವುದು ಕಷ್ಟ.

ಬಾನು ಅವರ 'ಕರಿ ನಾಗರಗಳು' ಕತೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲಿ 'ಹಸೀನಾ' ಅಂತ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 'ಗೃಹಭಂಗ' ಧಾರಾವಾಹಿ ಮಾಡಿದ್ದೂ ಅದೇ ಕಾಸರವಳ್ಳಿ. ಭೈರಪ್ಪನವರ 'ನಾಯಿ ನೆರಳು' ಸಿನಿಮಾ ಮಾಡಿದ್ದೂ ಅವರೇ. ಅವರಿಗೆ ಇಬ್ಬರ ಕತೆಯೂ ಬೇಕಾಯಿತು. ಓದುಗರಾದ ನಾವು ಯಾಕೆ ಒಬ್ಬರನ್ನೇ ಆರಿಸಿಕೊಳ್ಳಬೇಕು?

ಹಾಗಂತ ಎಲ್ಲವೂ ಇಷ್ಟವಾಯಿತು ಅಂತಲ್ಲ. ಬಾನು ಅವರ ಕೆಲವು ಕತೆಗಳಲ್ಲಿ ಗಂಡಸರೆಲ್ಲ ಒಂದೇ ಥರ ಇದ್ದಾರೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಬಂದ ಅಂದರೆ ಮುಂದೇನು ಅಂತ ಗೊತ್ತಾಗಿಬಿಡುತ್ತದೆ. ಬಾನು ಅವರು ವಕೀಲರೂ ಹೌದು, ಕೆಲವು ಕಡೆ ಲೇಖಕಿಯೊಳಗಿನ ಆ ವಕೀಲರು ಎದ್ದುನಿಂತು ವಾದ ಮಾಡುತ್ತಾರೆ, ಕತೆ ಅಲ್ಲಿಗೆ ನಿಂತುಬಿಡುತ್ತದೆ. ಭೈರಪ್ಪನವರ 'ಆವರಣ'ದಲ್ಲಿ ನನಗೆ ಇದೇ ತೊಂದರೆ ಇನ್ನೂ ಜಾಸ್ತಿ ಕಂಡಿತು. 2007ರಲ್ಲಿ ಅದು ಬಂದಾಗ ಪ್ರತಿ ಸಿಗುವುದೇ ಕಷ್ಟವಾಗಿತ್ತು, ಅಷ್ಟು ಮಾರಾಟ. ಈ ವರ್ಷ ಓದಿದೆ. ಲಕ್ಷ್ಮಿ ಮತಾಂತರವಾಗಿ ರಜಿಯಾ ಆದದ್ದು, ಅಪ್ಪ ತೀರಿಹೋದ ಮೇಲೆ ಊರಿನ ಮನೆಗೆ ಬಂದು ಅವರು ಕೂಡಿಟ್ಟ ಪುಸ್ತಕಗಳನ್ನು ಓದುತ್ತಾ ಕೂರುವುದು, ಅಲ್ಲಿಯವರೆಗೂ ಚೆನ್ನಾಗಿದೆ. ಆಮೇಲೆ ಎಲ್ಲರೂ ಭಾಷಣ ಮಾಡುತ್ತಾರೆ. ನಂಜಮ್ಮ ನನ್ನ ಮನಸ್ಸಿನಲ್ಲಿ ನಿಂತ ಹಾಗೆ ಲಕ್ಷ್ಮಿ ನಿಲ್ಲಲಿಲ್ಲ. ಯಾಕೆಂದರೆ ನಂಜಮ್ಮನಿಗೆ ಯಾವ ವಾದವನ್ನೂ ಗೆಲ್ಲಬೇಕಾಗಿಲ್ಲ. ಭೈರಪ್ಪನವರ ಅಭಿಮಾನಿಗಳು ಸಿಟ್ಟಾಗಬಾರದು. ಅವರ ಒಂದು ಕಾದಂಬರಿಯನ್ನು ಇಷ್ಟು ಮೆಚ್ಚಿದವಳೇ ಇನ್ನೊಂದರ ಬಗ್ಗೆ ಇದನ್ನು ಹೇಳುತ್ತಿದ್ದೇನೆ.

ಇವುಗಳ ಜೊತೆ ಇನ್ನೆರಡು ಹಳೆಯ ಪುಸ್ತಕ ಓದಿದೆ. ಒಂದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಇನ್ನೊಂದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ಯಾರನ್ನೂ ಬೈಯದೆ, ಎಲ್ಲರ ಹೆರಿಗೆ ಬಾಣಂತನ ಮಾಡುತ್ತಾ ಇಡೀ ಆಯುಷ್ಯ ಕಳೆಯುತ್ತಾಳೆ. ಸಾರಾ ಅವರ ಕಾದಂಬರಿಯ ನಾದಿರಾಳಿಗೆ ಗಂಡನ ಮೇಲೆ ಪ್ರೀತಿ ಇದ್ದರೂ ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಅವನನ್ನೇ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕು ಅನ್ನುವ ನಿಯಮ. ಅವಳು ಮಸೀದಿಯ ಕೆರೆಯ ಪಾಲಾಗುತ್ತಾಳೆ. ಸಾರಾ ಅವರು ಇದನ್ನು ಬರೆದದ್ದು ಎಂಬತ್ತರ ದಶಕದಲ್ಲಿ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಬಾನು ಅವರೂ ಆ ಪತ್ರಿಕೆಗೆ ವರದಿ ಮಾಡುತ್ತಿದ್ದವರೇ. ಬೂಕರ್ ಬಂದಾಗ ಸಾರಾ ಅವರನ್ನು ನೆನೆದವರು ಕಡಿಮೆ, ಅದು ನನಗೆ ಬೇಜಾರಾಯಿತು. 2023ರ ಜನವರಿಯಲ್ಲಿ ತೀರಿಹೋದರು, ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ.

ಪುಸ್ತಕ ಸಿಗುವ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ರಶಸ್ತಿ ಬಂದ ಹೊಸತರಲ್ಲಿ ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕ ರಾಶಿ ಇತ್ತು, ಕನ್ನಡದ ಮೂಲ ಕತೆಗಳನ್ನು ಕೇಳಿದರೆ ತರಿಸಬೇಕು, ಕಾಯಿರಿ ಅಂದರು. 'ಹಾರ್ಟ್ ಲ್ಯಾಂಪ್'ನ ಹನ್ನೆರಡು ಕತೆಗಳು ಬೇರೆ ಬೇರೆ ಕಾಲದಲ್ಲಿ ಬರೆದವು, ಬೇರೆ ಬೇರೆ ಸಂಕಲನದವು, ಹಾಗಾಗಿ ಹುಡುಕುವುದೂ ಸುಲಭವಲ್ಲ. ನಮ್ಮೂರಿನ ಗ್ರಂಥಾಲಯದಲ್ಲಿ 'ಗೃಹಭಂಗ' ಇತ್ತು, ನಡುವೆ ಹಾಳೆ ಕಿತ್ತುಹೋಗಿತ್ತು. ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಶೇ 6 ಗ್ರಂಥಾಲಯ ಕರ ಅಂತ ನಾವೆಲ್ಲ ಕೊಡುತ್ತೇವೆ. ಸ್ವಂತ ಜಿಲ್ಲೆಯ ಇಬ್ಬರು ದೊಡ್ಡ ಲೇಖಕರ ಪುಸ್ತಕ ಪೂರ್ತಿ ಹಾಳೆಗಳೊಂದಿಗೆ ಜಿಲ್ಲೆಯ ಎಲ್ಲ ಗ್ರಂಥಾಲಯಗಳಲ್ಲಿ, ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಇರಬೇಕು ಅಂತ ಕೇಳುವುದು ಜಾಸ್ತಿ ಅಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈ ವರ್ಷ ಇಬ್ಬರ ಬಗ್ಗೆಯೂ ನಿಮ್ಮ ಪತ್ರಿಕೆಯಲ್ಲಿ ಪುಟಗಟ್ಟಲೆ ಬಂತು. ಸನ್ಮಾನ, ಹೇಳಿಕೆ, ಪ್ರತಿ ಹೇಳಿಕೆ, ಅಂತಿಮ ದರ್ಶನ. ಕತೆಗಳ ಒಳಗೆ ಏನಿದೆ ಅನ್ನುವುದು ಬಹಳ ಕಡಿಮೆ ಬಂತು. ಹೊಸ ವರ್ಷದಿಂದ ವಾರಕ್ಕೊಮ್ಮೆ ಅರ್ಧ ಪುಟ ಓದುಗರಿಗೆ ಕೊಡಿ. ಯಾವ ಕಾಲದ ಪುಸ್ತಕವಾದರೂ ಆಗಬಹುದು, ಇಷ್ಟವಾಗದ ಪುಸ್ತಕದ ಬಗ್ಗೆಯೂ ಬರೆಯಬಹುದು, ಪ್ರಾಧ್ಯಾಪಕರೇ ಆಗಬೇಕಾಗಿಲ್ಲ. ಹಾಲು ಹಾಕುವವರು, ಬಸ್ ಕಂಡಕ್ಟರ್, ಕಾಲೇಜಿನ ಮಕ್ಕಳು ಬರೆಯಲಿ. ಒಂದೇ ನಿಯಮ ಇಡಿ, ಪುಸ್ತಕ ಓದಿರಬೇಕು. ಯಾವ ಪಾತ್ರ, ಯಾವ ಸನ್ನಿವೇಶ ಅಂತ ಹೇಳಿ ಬರೆಯಬೇಕು. ನಾನು 'ಆವರಣ'ದ ಬಗ್ಗೆ, ಬಾನು ಅವರ ಗಂಡಸರ ಬಗ್ಗೆ ಹೇಳಿದ್ದನ್ನು ಒಪ್ಪದವರು ಮೊದಲ ವಾರವೇ ಬರೆಯಲಿ. ನಾನು ಓದುತ್ತೇನೆ, ಬೇಕಾದರೆ ಆ ಪುಸ್ತಕಗಳನ್ನು ಇನ್ನೊಮ್ಮೆ ತೆಗೆದು ನೋಡಿ ಉತ್ತರವನ್ನೂ ಬರೆಯುತ್ತೇನೆ.

ಇತಿ,
ಹಾಸನ ಜಿಲ್ಲೆಯ ಒಬ್ಬ ಓದುಗಿ