ಸೋರುವ ಕಿವಿಯೊಳಗೆ ಇಣುಕಿ ನೋಡುವವರು ಬೇಕು: ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ಸಾದರ ನಮಸ್ಕಾರಗಳು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವವಳು. ರಸ್ತೆ, ಕುಡಿಯುವ ನೀರು, ಪಡಿತರ ಎಂದು ತಮಗೆ ದಿನವೂ ಅಹವಾಲುಗಳು ಬರುತ್ತಿರುತ್ತವೆ. ನನ್ನ ಅಹವಾಲು ಮಕ್ಕಳ ಕಿವಿಯದು.

ಹೋದ ಮಳೆಗಾಲದಲ್ಲಿ ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗ ಉಕ್ತಲೇಖನದಲ್ಲಿ ‘ಗಾಳಿ’ ಎಂದರೆ ‘ಕಾಳಿ’ ಎಂದು, ‘ಬೇಲಿ’ ಎಂದರೆ ‘ಪೇಲಿ’ ಎಂದು ಬರೆಯುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಗಮನವಿಲ್ಲ, ಸೋಮಾರಿ ಎಂದು ಎರಡು ತಿಂಗಳು ಅವನನ್ನು ಗದರಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಒಂದು ದಿನ ಅವನ ಪುಸ್ತಕ ತಿದ್ದುವಾಗ ಅಂಗಿಯ ಕಾಲರ್ ಕಣ್ಣಿಗೆ ಬಿತ್ತು. ಎಡಭಾಗದಲ್ಲಿ ಹಳದಿ ಕಲೆ ಒಣಗಿ ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿತ್ತು. ಕಿವಿಯಲ್ಲಿದ್ದ ಹತ್ತಿಯ ಉಂಡೆ ಪೂರ್ತಿ ತೊಯ್ದು ಹೋಗಿತ್ತು.

ಬೀಡಿ ಕಟ್ಟುವ ತಾಯಿಯನ್ನು ಕರೆಸಿದೆ. “ಸಣ್ಣ ಮಕ್ಕಳ ಕಿವಿ ಸೋರುವುದು ಇದ್ದದ್ದೇ ಅಲ್ಲವಾ ಟೀಚರೇ, ದೊಡ್ಡವನಾದಾಗ ನಿಲ್ಲುತ್ತದೆ” ಎಂದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಿದ್ದರು. ಹಾಗೆಂದು ಅವರು ವೈದ್ಯರ ಬಳಿಗೆ ಹೋಗದವರೂ ಅಲ್ಲ. ಮೂರು ಸಲ ಹೋಗಿದ್ದರು. ಮೂರು ಸಲವೂ ಕುಡಿಯುವ ಔಷಧ, ಒಂದು ಸಲ ಕಿವಿಗೆ ಬಿಡುವ ಹನಿ ಸಿಕ್ಕಿತ್ತು. ಕಿವಿಯೊಳಗೆ ಬೆಳಕು ಹಾಯಿಸಿ ನೋಡಿದವರು ಒಬ್ಬರೂ ಇಲ್ಲ. ಹನಿಯ ಚೀಟಿ ಮಲಯಾಳದಲ್ಲಿತ್ತು. ಸಂತೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಆಡಬಲ್ಲ ಆ ತಾಯಿಗೆ ಆ ಲಿಪಿ ಬರುವುದಿಲ್ಲ. ಕೀವು ತುಂಬಿದ ಕಿವಿಗೆ ಮೇಲಿಂದ ಮೇಲೆ ಹನಿ ಬಿಡುತ್ತಾ ಬಂದಿದ್ದಾರೆ. ಮೊದಲು ಕಿವಿಯನ್ನು ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಔಷಧ ಕೀವಿನ ಮೇಲೆಯೇ ನಿಂತು ಒಳಗೆ ತಲುಪುವುದಿಲ್ಲ ಎಂಬ ಒಂದು ಮಾತನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

ಕೊನೆಗೆ ಒಂದು ದಿನದ ರಜೆ ಹಾಕಿ ತಾಯಿ ಮಗನನ್ನು ಕಲ್ಲಡ್ಕದ ದಾರಿಯಾಗಿ ಮಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಕಿವಿ ವೈದ್ಯೆ ತಾಯಿಯ ಜೊತೆ ತುಳುವಿನಲ್ಲಿ ಮಾತು ಶುರು ಮಾಡಿದರು. ಎಷ್ಟು ದಿನದಿಂದ ಸೋರುತ್ತಿದೆ? ಶೀತವಾದಾಗ ಹೆಚ್ಚಾಗುತ್ತದೆಯೇ? ನೀರಾಗಿದೆಯೇ, ಲೋಳೆಯೇ? ವಾಸನೆ ಇದೆಯೇ? ರಕ್ತ ಕಂಡದ್ದುಂಟೇ? ತಲೆ ತಿರುಗುತ್ತದೆ ಎನ್ನುತ್ತಾನೆಯೇ? ತಾಯಿ ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಎಲ್ಲವೂ ಅವರಿಗೆ ಗೊತ್ತಿತ್ತು, ಕೇಳಿದವರಿರಲಿಲ್ಲ. ಆಮೇಲೆ ವೈದ್ಯೆ ತೆಳು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಹಗುರವಾಗಿ ಒರೆಸಿ, ಹೊಸ ಹತ್ತಿ ಸುತ್ತಿ, ಮತ್ತೆ ಒರೆಸಿ, ಹತ್ತಿ ಒಣಗಿಯೇ ಹೊರಬರುವವರೆಗೆ ಬಿಡಲಿಲ್ಲ. ಕಿವಿಯೊಳಗೆ ಬೆಳಕು ಹಾಯಿಸಿ ನೋಡುವ ಓಟೋಸ್ಕೋಪಿನಲ್ಲಿ ನನಗೂ ನೋಡಲು ಹೇಳಿದರು. ಮುತ್ತಿನ ಬಣ್ಣದ ತೆಳು ಪೊರೆ. ಅದರ ನಡುವೆ ಹೆಸರುಕಾಳಿನಷ್ಟು ದೊಡ್ಡ ತೂತು.

ಆ ತೂತಿನ ಹುಟ್ಟನ್ನು ಅವರು ವಿವರಿಸಿದಾಗ ನನಗೆ ನಮ್ಮೂರ ಸುರಂಗಗಳು ನೆನಪಾದವು. ಗುಡ್ಡಕ್ಕೆ ಸುರಂಗ ಕೊರೆಯುವವರು ನೀರು ತಾನಾಗಿ ಹೊರಗೆ ಹರಿದು ಬರಲೆಂದು ಸಣ್ಣ ಇಳಿಜಾರು ಇಟ್ಟೇ ಕೊರೆಯುತ್ತಾರೆ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೂ ಅಂಥದೇ ಒಂದು ನಳಿಕೆ ಇದೆ. ದೊಡ್ಡವರಲ್ಲಿ ಅದು ಸುಮಾರು 45 ಡಿಗ್ರಿ ಇಳಿಜಾರಾಗಿರುತ್ತದೆ, ಹಸುಗೂಸಿನಲ್ಲಿ ಸುಮಾರು 10 ಡಿಗ್ರಿ ಮಾತ್ರ. ಗಿಡ್ಡ, ಅಗಲ, ಬಹುತೇಕ ಅಡ್ಡ. ಮಗುವಿಗೆ ಶೀತವಾದರೆ, ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಮೆದು ಗಂಟು ಊದಿಕೊಂಡರೆ, ಆ ನಳಿಕೆ ಕಟ್ಟಿಕೊಂಡು ಒಳಗೆ ದ್ರವ ನಿಲ್ಲುತ್ತದೆ. ಸೋಂಕು ತಗುಲಿದರೆ ಕೀವಾಗಿ, ಒತ್ತಡ ಹೆಚ್ಚಿ ಕಿವಿಯ ಪೊರೆ ಹರಿಯುತ್ತದೆ. ಅದರೊಂದಿಗೆ ನೋವು ಇಳಿಯುತ್ತದೆ, ಮಗು ಅಳು ನಿಲ್ಲಿಸುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದೆ ಎರಡು ವಾರ ಮೀರಿಯೂ ಸೋರುತ್ತಿದ್ದರೆ ಅದನ್ನು ದೀರ್ಘಕಾಲದ ಕಿವಿ ಸೋರಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಸೋರುತ್ತಿದೆ, ಅವರಲ್ಲಿ ಶೇಕಡಾ 60ರಷ್ಟು ಮಂದಿಗೆ ಕಿವಿ ಮಂದವಾಗಿದೆ ಎಂದು ಅದೇ ಸಂಸ್ಥೆ 2004ರ ವರದಿಯಲ್ಲಿ ಅಂದಾಜು ಮಾಡಿತ್ತು. ಈ ಹೊರೆ ಅತಿ ಹೆಚ್ಚಿರುವ ದೇಶಗಳ ಗುಂಪಿನಲ್ಲಿ ಭಾರತವನ್ನು ಇರಿಸಿತ್ತು.

ಆ ಹುಡುಗನಿಗೆ ಸಿಕ್ಕ ಚಿಕಿತ್ಸೆಯಲ್ಲಿ ದುಬಾರಿಯಾದದ್ದು ಏನೂ ಇರಲಿಲ್ಲ. ದಿನಕ್ಕೆ ಮೂರು ಸಲ ಶುದ್ಧ ಬಟ್ಟೆ ಅಥವಾ ಹತ್ತಿಯ ಬತ್ತಿಯಿಂದ ಕಿವಿ ಒಣಗಿಸಿ, ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಹನಿ ಬಿಟ್ಟು, ಕಿವಿಯ ತೂತಿನ ಮುಂದಿರುವ ಪುಟ್ಟ ಮೃದ್ವಸ್ಥಿಯನ್ನು ಮೆಲ್ಲಗೆ ಒತ್ತಬೇಕು. ಎರಡು ವಾರ ಹೀಗೆಯೇ. ಸ್ನಾನ ಮಾಡುವಾಗ ವ್ಯಾಸಲಿನ್ ಸವರಿದ ಹತ್ತಿ ಇಡಬೇಕು, ಕೆರೆಗೆ ಹಾರಬಾರದು, ಎಣ್ಣೆ ಬಿಡಲೇಬಾರದು. ಇಂಥ ಸೋರಿಕೆಗೆ ಬಾಯಿಂದ ಕೊಡುವ ಆ್ಯಂಟಿಬಯಾಟಿಕ್‌ಗಿಂತ ಕಿವಿಗೆ ಬಿಡುವ ಹನಿಯೇ ಮೇಲು ಎಂದು ವೈದ್ಯೆ ಹೇಳಿದಾಗ, ಆ ತಾಯಿ ಮೂರು ಸಲ ಸಾಲ ಮಾಡಿ ಕುಡಿಸಿದ ಔಷಧದ ಬಾಟಲಿಗಳು ನನ್ನ ಕಣ್ಣ ಮುಂದೆ ಬಂದವು.

ಮಾನ್ಯರೇ, ವಾಸನೆಯ ಪ್ರಶ್ನೆಯನ್ನು ವೈದ್ಯೆ ಎರಡು ಸಲ ಕೇಳಿದ್ದೇಕೆ ಎಂಬುದನ್ನು ತಾವು ತಿಳಿಯಬೇಕು. ಲೋಳೆಯಂತೆ ಧಾರಾಳವಾಗಿ, ವಾಸನೆಯಿಲ್ಲದೆ ಸೋರುವ ಕಿವಿಯಲ್ಲಿ ಸಾಮಾನ್ಯವಾಗಿ ಪ್ರಾಣಾಪಾಯ ಕಡಿಮೆ. ಸ್ವಲ್ಪವೇ ಸೋರುತ್ತಾ ಕೊಳೆತ ವಾಸನೆ ಬರುತ್ತಿದ್ದರೆ ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ಒಳಗೆ ಬೆಳೆದು ಮೂಳೆಯನ್ನು ತಿನ್ನುತ್ತಿರಬಹುದು. ನಮ್ಮ ನೆರೆಮನೆಯ ಅಕ್ಕನೊಬ್ಬರಿಗೆ ಹೀಗೆಯೇ ಆಯಿತು. ವರ್ಷಗಟ್ಟಲೆ ‘ಕಿವಿ ವಾಸನೆ’ ಎಂದು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದ ನೀರು ಒಂದು ಕಡೆಯಿಂದ ಸೋರಿತು, ಕಣ್ಣು ಮುಚ್ಚಲಾಗಲಿಲ್ಲ. ಮುಖದ ನರಕ್ಕೆ ಪೆಟ್ಟಾಗಿತ್ತು. ಕಿವಿಯ ಹಿಂದಿನ ಮೂಳೆ ಕೊರೆದು ಶಸ್ತ್ರಚಿಕಿತ್ಸೆ ಮಾಡಿದರು. ಇದೇ ಕಾಯಿಲೆ ಮಿದುಳಿಗೆ ಕೀವು ಹರಡಿ ಜೀವ ತೆಗೆಯಬಲ್ಲದು. ವಾಸನೆ ಇದೆಯೇ ಎಂದು ಕೇಳುವುದಕ್ಕೆ ಯಂತ್ರ ಬೇಡ, ರೋಗಿಯ ಭಾಷೆ ಬೇಕು.

ಭಾಷೆಯ ಮಾತು ಬಂದದ್ದರಿಂದ ಗಂಟಲಿನ ವಿಷಯವನ್ನೂ ಹೇಳುತ್ತೇನೆ. ಮಲಯಾಳದಲ್ಲಿ ಗಂಟಲಿಗೆ ‘ತೊಂಡ’ ಎನ್ನುತ್ತಾರೆ. ಮಲಯಾಳ ಬಾರದ ನಮ್ಮ ಅಜ್ಜಿಯಂದಿರ ಕಿವಿಗೆ ಅದು ಚಪ್ಪರದ ತೊಂಡೆಕಾಯಿಯಾಗಿ ಬೀಳುತ್ತದೆ. ‘ತೊಂಡವೇದನ ಉಂಡೋ’ ಎಂದು ಕೇಳಿದರೆ ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ಗಂಟಲು ನೋವು ಹೆಚ್ಚಾಗಿ ವೈರಸ್ಸಿನದು, ತಾನೇ ಇಳಿಯುತ್ತದೆ. ಆದರೆ ಜ್ವರವಿದ್ದು, ಕೆಮ್ಮಿಲ್ಲದೆ, ಟಾನ್ಸಿಲ್ ಮೇಲೆ ಬಿಳಿ ಪದರವಿದ್ದು, ಕತ್ತಿನ ಗಂಟುಗಳು ಮುಟ್ಟಿದರೆ ನೋಯುತ್ತಿದ್ದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದೆಂದು ವೈದ್ಯರು ಶಂಕಿಸುತ್ತಾರೆ. ಅದನ್ನು ಹಾಗೆಯೇ ಬಿಟ್ಟರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ಮೇಲೆ ಕೀಲುಗಳು ಊದಿ, ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ಹತ್ತು ದಿನದ ಪೆನ್ಸಿಲಿನ್ ಅದನ್ನು ತಡೆಯಬಲ್ಲದು. ತಡೆಯದಿದ್ದರೆ ವರ್ಷಗಟ್ಟಲೆ ಮೂರು ವಾರಕ್ಕೊಂದು ಚುಚ್ಚುಮದ್ದು. ಮೂಗಿನದೂ ಇದೇ ಕಥೆ: ಹತ್ತು ದಿನದೊಳಗಿನ ಶೀತಕ್ಕೆ ಆ್ಯಂಟಿಬಯಾಟಿಕ್ ಕೊಡುತ್ತಾರೆ, ಮೂರು ತಿಂಗಳಿಂದ ಮೂಗು ಕಟ್ಟಿ ತಲೆ ಭಾರವಾದವರನ್ನು ಎಂಡೋಸ್ಕೋಪ್ ಹಾಕಿ ನೋಡುವವರು ಸಿಗುವುದಿಲ್ಲ.

ನಾನು ಹೊಸ ಯೋಜನೆ ಬೇಡುತ್ತಿಲ್ಲ. ಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಕಾಯಿಲೆಗಳ ಪಟ್ಟಿಯಲ್ಲಿ ಮಧ್ಯಕಿವಿಯ ಉರಿಯೂತವಿದೆ, ಕಿವುಡುತನವಿದೆ, ಗಂಟಲಿನಿಂದ ಹೃದಯಕ್ಕಿಳಿಯುವ ಆ ಕಾಯಿಲೆಯೂ ಇದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006ರಿಂದಲೇ ಇದೆ. ಶಾಲೆಗೆ ಬರುವ ತಂಡದ ಕೈಯಲ್ಲಿ ಓಟೋಸ್ಕೋಪ್ ಇರಬೇಕು, ಅದು ಪ್ರತಿ ಮಗುವಿನ ಕಿವಿಯ ತನಕ ಹೋಗಬೇಕು, ಜೂನ್ ಜುಲೈ ತಿಂಗಳಲ್ಲೇ ಹೋಗಬೇಕು. ನಮ್ಮ ಮಕ್ಕಳ ಕಿವಿ ಸೋರುವುದು ಮಳೆಗಾಲದಲ್ಲಿ. ತಟ್ಟಿದರೆ ಕಂಪಿಸಿ ನಾದ ಹೊಮ್ಮಿಸುವ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹೈಸ್ಕೂಲಿನ ಪ್ರಯೋಗಾಲಯದಲ್ಲೂ ಸಿಗುವ ವಸ್ತು. ಅದನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು, ಮತ್ತೆ ಕಿವಿಯ ಮುಂದೆ ಹಿಡಿದು ಎಲ್ಲಿ ಜೋರಾಗಿ ಕೇಳುತ್ತದೆ ಎಂದು ಕೇಳಿದರೆ, ತೊಂದರೆ ಮಧ್ಯಕಿವಿಯದೋ ನರದ್ದೋ ಎಂಬ ಸುಳಿವು ನಿಮಿಷದಲ್ಲಿ ಸಿಗುತ್ತದೆ. ಕುಟುಂಬ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಇಷ್ಟರ ತರಬೇತಿ ಕೊಡಿಸಿ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ತಜ್ಞರು ವಾರದ ಯಾವ ದಿನ ಸಿಗುತ್ತಾರೆ ಎಂಬುದು ಆಶಾ ಕಾರ್ಯಕರ್ತೆಯಿಂದ ಹಿಡಿದು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನವರೆಗೆ ಎಲ್ಲರಿಗೂ ಬಾಯಿಪಾಠವಾಗಿರಬೇಕು.

ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್ 30ರಂದು ಶಿಲಾನ್ಯಾಸವಾದಾಗ ನಾವು ಮಕ್ಕಳೊಂದಿಗೆ ಖುಷಿಪಟ್ಟಿದ್ದೆವು. ಅಲ್ಲಿ ಶ್ರವಣ ಪರೀಕ್ಷೆಯ ಕೋಣೆ, ಕಿವಿಯ ಶಸ್ತ್ರಚಿಕಿತ್ಸೆಗೆ ಬೇಕಾದ ಸೂಕ್ಷ್ಮದರ್ಶಕ ಸದಾ ಕೆಲಸ ಮಾಡುವಂತೆ ವಿಧಾನಸಭೆಯಲ್ಲಿ ಒತ್ತಾಯಿಸಿ. ಮಂಗಳೂರು ನಮಗೆ ಹತ್ತಿರ, ನಿಜ. ಆದರೆ 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಹರಡದಂತೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ಹತ್ತಿರ ಎಷ್ಟು ದೂರವಾಯಿತು ಎಂಬುದನ್ನು ಈ ಕ್ಷೇತ್ರದ ಜನ ಮರೆತಿಲ್ಲ.

ಇನ್ನೊಂದು ಬೇಡಿಕೆಗೆ ಕಾಸಿನ ಖರ್ಚೂ ಹೆಚ್ಚಿಲ್ಲ. ಔಷಧದ ಚೀಟಿ, ಕಿವಿ ಒಣಗಿಸುವ ವಿಧಾನದ ಚಿತ್ರಪಟ, ಹೊರರೋಗಿ ವಿಭಾಗದ ಫಲಕ, ಇವು ಕನ್ನಡದಲ್ಲೂ ಇರಲಿ. ಕನ್ನಡದ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಈ ಕ್ಷೇತ್ರದಿಂದ ಗೆದ್ದವರು ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಮಗೆ ಎದೆ ತುಂಬಿ ಬಂದಿದೆ. ಆ ಕನ್ನಡ ಮೂರು ಹನಿಯ ಚೀಟಿಯವರೆಗೂ ಬರಲಿ.

ಆ ಹುಡುಗ ಈಗ ಐದನೆಯ ತರಗತಿ. ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ತಾಯಿಯೇ ಬತ್ತಿ ಮಾಡಿ ಒರೆಸುತ್ತಾರೆ, ಕಾಲರ್ ಈಗ ಬಿಳಿಯಾಗಿದೆ. ತೂತು ಮಾತ್ರ ಮುಚ್ಚಿಲ್ಲ. ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಳು ಪೊರೆ ತೆಗೆದು ಅದನ್ನು ಮುಚ್ಚಬಹುದಂತೆ. ಅದನ್ನು ನಮ್ಮ ಜಿಲ್ಲೆಯಲ್ಲೇ, ಯಾವಾಗ, ಎಲ್ಲಿ ಮಾಡಿಸಬಹುದು ಎಂದು ಅವನ ತಾಯಿ ನನ್ನನ್ನು ಕೇಳಿದ್ದಾರೆ. ತಮ್ಮ ಉತ್ತರ ಕನ್ನಡದಲ್ಲಿ ಬಂದರೆ ಅವರೇ ಓದಿಕೊಳ್ಳುತ್ತಾರೆ.

ತಮ್ಮ ವಿಶ್ವಾಸಿ,
ಕನ್ನಡ ಶಾಲೆಯ ಒಬ್ಬ ಶಿಕ್ಷಕಿ
ಎಣ್ಮಕಜೆ ಗ್ರಾಮ ಪಂಚಾಯತು, ಕಾಸರಗೋಡು ಜಿಲ್ಲೆ