ತರಂಗಿಣಿ ಕಾರವಾರಕ್ಕೂ ಬರಲಿ

ಮಾನ್ಯರೇ,

ಕ್ಷಿಪಣಿ, ಜಲಾಂತರ್ಗಾಮಿಗಳ ಕಾಲದಲ್ಲಿ ನೌಕಾಪಡೆಗೆ ಹಾಯಿ ಹಡಗು ಯಾಕೆ, ಸುಮ್ನೆ ದುಡ್ಡು ದಂಡ ಅಂತ ಕೆಲವರು ಹೇಳುತ್ತಾರೆ. ನನಗಂತೂ ಈ ಮಾತು ಒಪ್ಪಿಗೆಯಿಲ್ಲ.

ಕೆಡೆಟ್‌ಗಳಿಗೆ, ಅಂದರೆ ಅಧಿಕಾರಿಯಾಗಲು ಕಲಿಯುತ್ತಿರುವವರಿಗೆ, ತರಬೇತಿ ಕೊಡುವ ಹಾಯಿ ಹಡಗು ಐಎನ್ಎಸ್ ತರಂಗಿಣಿ ನೌಕಾಪಡೆ ಸೇರಿದ್ದು 1997ರಲ್ಲಿ. ನಮ್ಮ ಪಕ್ಕದ ಗೋವಾದಲ್ಲೇ ಕಟ್ಟಿದ ಮೂರು ಕೂವೆಮರದ (ಹಾಯಿ ಕಟ್ಟುವ ಕಂಬ) ಹಡಗು ಇದು, ಉದ್ದ 54 ಮೀಟರ್. 2003-04ರಲ್ಲಿ ಇಡೀ ಭೂಮಿಯನ್ನೇ ಸುತ್ತಿ ಬಂತು. ಅದಕ್ಕೂ ಮೊದಲು ನಮ್ಮ ನೌಕಾಪಡೆಯ ಯಾವ ಹಡಗೂ ಹಾಗೆ ಸುತ್ತಿರಲಿಲ್ಲ. 2012ರಲ್ಲಿ ಇದರ ಜೊತೆಗೆ ಇಂಥದ್ದೇ ಇನ್ನೊಂದು ಹಡಗು ಸುದರ್ಶಿನಿಯೂ ಬಂತು. ಎರಡರ ನೆಲೆಯೂ ಕೊಚ್ಚಿ.

ಈ ಹಡಗುಗಳಲ್ಲಿ ಎಂಜಿನ್ ಇಲ್ಲವೆಂದಲ್ಲ, ಇದೆ. ಆದರೆ ಹಾಯಿ ಮಡಚಬೇಕಾದಾಗ ಕೆಡೆಟ್‌ಗಳೇ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಕೂವೆಮರ ಹತ್ತಬೇಕು, ಅಡ್ಡಮರದ ಕೆಳಗೆ ಕಟ್ಟಿದ ಒಂದೇ ಹಗ್ಗದ ಮೇಲೆ ಕಾಲಿಟ್ಟು, ಹೊಟ್ಟೆಯನ್ನು ಮರಕ್ಕೆ ಒತ್ತಿ ನಿಂತು, ಗಾಳಿಗೆ ಉಬ್ಬಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ಕಟ್ಟಬೇಕು. ಕೆಳಗೆ ಹಡಗು ಹೊಯ್ದಾಡುತ್ತಿರುತ್ತದೆ. ಪಕ್ಕದವನು ಕಾಲು ಅಲುಗಿಸಿದರೆ ಆ ಹಗ್ಗ ನಿಮ್ಮ ಕಾಲಡಿಯೂ ಅಲುಗುತ್ತದೆ. ಗಾಳಿ ದಿಕ್ಕು ಬದಲಾಯಿತೋ, ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಬೇಕು. ನಾಳೆ ನೂರಾರು ಜನರ ಜೀವ ಹೊರುವ ಅಧಿಕಾರಿಗೆ ಗಾಳಿ, ಅಲೆ, ಜೊತೆಗಾರ ಈ ಮೂರೂ ಮೈಗೆ ತಿಳಿಯಬೇಕು. ಇದನ್ನು ಪರದೆಯ ಮುಂದೆ ಕೂರಿಸಿ ಹೇಳಿಕೊಡೋಕೆ ಆಗುತ್ತಾ?

ನಮ್ಮ ಕರಾವಳಿಗೂ ಹಾಯಿ ಹೊಸದಲ್ಲ. ಮಂಗಳೂರಿನ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು) ಹಾಯಿ ಬಿಚ್ಚಿಕೊಂಡೇ ಲಕ್ಷದ್ವೀಪಕ್ಕೆ ಸಾಮಾನು ಹೊತ್ತವು.

ನನ್ನ ಕೋರಿಕೆ ಇಷ್ಟೇ. ತರಂಗಿಣಿಯೋ ಸುದರ್ಶಿನಿಯೋ ಕಾರವಾರದ ಕಡೆ ಬಂದಾಗ ಒಂದೆರಡು ದಿನ ಪಿಯುಸಿ ಮಕ್ಕಳನ್ನು ಹತ್ತಿಸಿ, ಹಡಗಿನ ಕೆಡೆಟ್‌ಗಳ ಜೊತೆ ಮಾತಾಡಲು ಬಿಡಿ. ಮುಂಚೆಯೇ ಕಾಲೇಜುಗಳಿಗೆ ಕನ್ನಡದಲ್ಲಿ ತಿಳಿಸಿ. ಕಾರವಾರದಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಮನೆ, ಜಮೀನು ಬಿಟ್ಟುಕೊಟ್ಟ ಊರುಗಳಿವು. ಆ ಮನೆಗಳ ಮಕ್ಕಳು ನೌಕಾನೆಲೆಯ ಗೋಡೆಯನ್ನಷ್ಟೇ ನೋಡುತ್ತಾ ಬೆಳೆಯಬಾರದು ಅಲ್ವಾ? ಅಧಿಕಾರಿಗಳಿಗೆ ತರಬೇತಿ ಕೊಡುವ ಎಳಿಮಲ ಅಕಾಡೆಮಿ ಮಂಗಳೂರಿನಿಂದ ದಕ್ಷಿಣಕ್ಕೆ ಹೋದರೆ ಕಣ್ಣೂರು ಜಿಲ್ಲೆಯಲ್ಲೇ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇಲ್ಲದಿದ್ದರೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ನೌಕಾಪಡೆಗೆ ಹೋಗಲು ಆಗುವುದಿಲ್ಲ. ಈ ಸಂಗತಿ ಎಷ್ಟೋ ಮಕ್ಕಳಿಗೆ ವಿಷಯ ಆರಿಸಿಕೊಂಡ ಮೇಲೆ ಗೊತ್ತಾಗುತ್ತದೆ. ಹತ್ತನೇ ತರಗತಿಯವರನ್ನೂ ಹಡಗಿಗೆ ಕರೆದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ಕಾರವಾರ